ಸದ್ದು ಮಾಡಬೇಡಿ, ಸಿಗಡಿ ಮಲಗಿದೆ

ಕಾಸಿಮಿರೊ ಉತ್ರೇರಾ ಹಲ್ಲು ಕೀಳಿಸಲು ಹೋದವನು ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು, ತಲೆಯಲ್ಲಿ ಸಮುದ್ರ ತುಂಬಿಕೊಂಡು ವಾಪಸು ಬಂದ. ದಂತವೈದ್ಯರು ರೋಗಿಗಳನ್ನು ಕೂರಿಸುವ ಕೋಣೆಯಲ್ಲಿ ಗೋಡೆಯುದ್ದದ ಉಪ್ಪುನೀರಿನ ಅಕ್ವೇರಿಯಂ ಇತ್ತು. ಒಳಗೆ ಹವಳ, ಹವಳದ ನಡುವೆ ಕಿತ್ತಳೆ ಬಣ್ಣದ ಮೀನು. ಎರಡು ಗಂಟೆ ಅದನ್ನೇ ನೋಡುತ್ತ ಕೂತವನಿಗೆ ನೋವು ನಿಂತುಹೋಯಿತು. ಹೆಸರು ಕೂಗಿದಾಗ, "ನನಗಿಂತ ಹೆಚ್ಚು ನೋವಿರೋರನ್ನ ಒಳಗೆ ಕರೀರಿ," ಎಂದು ಉದಾರವಾಗಿ ಹೇಳಿ ಎದ್ದು ಬಂದ.

ನಾನು ಅವನ ಮನೆಯ ಮಾಳಿಗೆಯ ಬಾಡಿಗೆದಾರ. ವೆರಾಕ್ರೂಸ್ ಬಂದರಿನ ಲಾ ವಾಕಾ ಬಡಾವಣೆಯ ಮರದ ಮನೆಗಳಲ್ಲಿ ಮಾಳಿಗೆ ಎಂದರೆ ಕೆಳಗಿನವರ ಮಾತು ಕೇಳಿಸಿಕೊಳ್ಳಲೆಂದೇ ಕಟ್ಟಿದ ಜಾಗ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಹಲಗೆಯ ಸಂದಿಯಿಂದ ಕೇಳಿದ್ದು.

ಅವನು ವಿಷಯ ತೆಗೆದಾಗ ಹೆಂಡತಿ ನೆರೇಯ್ದಾ ಬಾಳೆಹಣ್ಣು ಹುರಿಯುತ್ತಿದ್ದಳು.

"ಹಾಲ್‌ನಲ್ಲಿ ಸಮುದ್ರ ಇಡ್ತೀನಿ," ಅಂದ.

"ಹಲ್ಲು ಕಿತ್ರಾ?"

"ಇಲ್ಲ."

"ಹಾಗಾದ್ರೆ ನೋವು ತಲೆಗೇರಿದೆ. ನಾಳೆ ಮತ್ತೆ ಹೋಗು, ಮುದುಕಾ."

ಕಾಸಿಮಿರೊಗೆ ವಯಸ್ಸು ನಲವತ್ತೆಂಟು. ಬಂದರಿನ ಸುಂಕದ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು ಕಾಗದಕ್ಕೆ ಮೊಹರು ಒತ್ತುವುದು ಅವನ ಕೆಲಸ. ಮೊಹರಿನಲ್ಲಿ 'ಪರಿಶೀಲಿಸಲಾಗಿದೆ' ಎಂದಿದೆ. ಇಪ್ಪತ್ತು ವರ್ಷದಲ್ಲಿ ಅವನು ಪರಿಶೀಲಿಸಿದ ಕಾಗದ ಒಂದೂ ಇಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಕೊಟ್ಟ ನಲವತ್ತು ಪುಟದ ಕೈಪಿಡಿಗೂ ಅವನು ಇದೇ ಮರ್ಯಾದೆ ತೋರಿಸಿದ. ತೆರೆಯದೆ ಟಿವಿಯ ಮೇಲಿಟ್ಟ. ಈ ಕಥೆಯ ಎಲ್ಲ ಅನಾಹುತಕ್ಕೂ ಕಾರಣ ಆ ಕೈಪಿಡಿಯ ಒಂಬತ್ತನೇ ಪುಟ.

ಇಷ್ಟು ದೊಡ್ಡ ಕೆಲಸವನ್ನು ನಮ್ಮ ಬಡಾವಣೆಯಲ್ಲಿ ಯಾರೂ ಒಬ್ಬರೇ ಮಾಡುವುದಿಲ್ಲ. ಹುಡುಗಿಗೆ ಹದಿನೈದು ವರ್ಷ ತುಂಬಿದ ಹಬ್ಬವೆಂದರೆ ಕೇಕಿಗೊಬ್ಬ ಧರ್ಮತಂದೆ, ಚಪ್ಪಲಿಗೊಬ್ಬ, ಸಂಗೀತಕ್ಕೊಬ್ಬ. ಮನೆಗೆ ಹೊಸ ಬಾಗಿಲು ಇಟ್ಟರೆ ಚಿಲಕಕ್ಕೂ ಧರ್ಮತಂದೆ ಇರುತ್ತಾನೆ. ಧರ್ಮತಂದೆ ಆದವನು ತನ್ನ ಪಾಲಿನ ವಸ್ತು ತಂದುಕೊಡಬೇಕು. ಅಲ್ಲಿಂದ ಮುಂದೆ ಮನೆಯವನಿಗೂ ಅವನಿಗೂ ಬೀಗತನದಂಥ ನಂಟು, ಒಬ್ಬರನ್ನೊಬ್ಬರು 'ಕಂಪಾದ್ರೆ' ಎಂದೇ ಕರೆಯಬೇಕು. ಆಮೇಲೆ ಒಂದು ಭಾನುವಾರ ಅವರೆಲ್ಲರನ್ನೂ ಕರೆದು ಊಟ ಹಾಕಿ, ಮಗುವನ್ನೋ ಬಾಗಿಲನ್ನೋ ತೋರಿಸಬೇಕು. ಕೇಳಿದಾಗ ಒಲ್ಲೆ ಎನ್ನುವುದು ಮುಖಕ್ಕೆ ಉಗಿದ ಹಾಗೆ.

ಅಕ್ವೇರಿಯಂಗೆ ಧರ್ಮತಂದೆ ಕೇಳಿದವನು ಅದುವರೆಗೆ ಯಾರೂ ಇರಲಿಲ್ಲ. ಆದರೂ ಯಾರಿಗೂ ಒಲ್ಲೆ ಎನ್ನುವ ಧೈರ್ಯ ಬರಲಿಲ್ಲ. ಗಾಜಿನ ತೊಟ್ಟಿಗೆ ನೆರೇಯ್ದಾಳ ಅಣ್ಣ, ಪಂಪಿಗೆ ಮೆಕ್ಯಾನಿಕ್, ದೀಪಕ್ಕೆ ಔಷಧಿ ಅಂಗಡಿಯವ, ಉಪ್ಪಿಗೆ ನೆರೇಯ್ದಾಳ ತಾಯಿ ದೋನ್ಯಾ ತಿಬುರ್ಸಿಯಾ. ಎಲ್ಲಕ್ಕಿಂತ ಭಾರದ ಗೌರವ ಎಂದರೆ ಜೀವಂತ ಕಲ್ಲು. ಅದು ಎದುರುಮನೆಯ ದೋನ್ ಮಾಸೆದೋನಿಯೊಗೆ ಹೋಯಿತು. ಐವತ್ತು ವರ್ಷ ಮೀನು ಹಿಡಿದು ಈಗ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುವ ಮುದುಕ. ನನ್ನ ಪಾಲಿಗೆ ಬಂದದ್ದು ಥರ್ಮಾಮೀಟರ್. ಒಟ್ಟು ಹನ್ನೊಂದು ಜನ. ಎಲ್ಲರಿಗೂ ಆಮಂತ್ರಣ ಪತ್ರಿಕೆ ಅಚ್ಚಾಯಿತು: "ನಮ್ಮ ಮನೆಯ ಸಮುದ್ರದ ದರ್ಶನ, ಜುಲೈ ಎರಡನೇ ಭಾನುವಾರ, ಹಾರ್ಪ್ ಸಂಗೀತ ಮತ್ತು ಊಟ."

ತೊಟ್ಟಿ ಬಂತು. ಅದಕ್ಕೆ ಜಾಗ ಮಾಡಲು ನೆರೇಯ್ದಾಳ ಪಿಂಗಾಣಿ ಕಪಾಟು ಹಿತ್ತಲಿಗೆ ಹೋಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ಷರತ್ತು ಹಾಕಿದಳು.

"ಊಟದ ದಿನ ಇದರೊಳಗೆ ಜೀವ ಇರೋದು ಏನಾದ್ರೂ ಒಂದು ಎಲ್ರಿಗೂ ಕಾಣಿಸ್ಬೇಕು. ಇಡೀ ಬೀದಿ ಎದುರು ನನ್ನ ಮಾನ ಕಳೆದ್ರೆ, ಸೋಮವಾರ ಬೆಳಿಗ್ಗೆ ಕಪಾಟು ಒಳಗೆ, ನಿನ್ನ ಸಮುದ್ರ ಹೊರಗೆ. ಇದರಲ್ಲಿ ಕೋಳಿ ಸಾಕ್ತೀನಿ."

"ಒಂದೇನು, ನೂರು ಜೀವ ತೋರಿಸ್ತೀನಿ," ಅಂದ ಕಾಸಿಮಿರೊ.

ಮಾರನೇ ದಿನ ಅವನು ಶುದ್ಧೀಕರಿಸಿದ ನೀರಿನ ಇಪ್ಪತ್ತು ಕ್ಯಾನ್ ತರಿಸಿ, ಬಕೆಟ್ಟಿನಲ್ಲಿ ಉಪ್ಪಿನ ಪುಡಿ ಸುರಿದು, ಸೌಟಿನಿಂದ ತಿರುವುತ್ತ ಕೂತ. ದೋನ್ ಮಾಸೆದೋನಿಯೊ ಬಾಗಿಲಿಗೆ ಬಂದು ನಿಂತ.

"ಏನು ಮಾಡ್ತಿದ್ದೀಯ ಕಂಪಾದ್ರೆ?"

"ಸಮುದ್ರದ ನೀರು ಮಾಡ್ತಿದ್ದೀನಿ."

ಮುದುಕ ಬಕೆಟ್ಟಿನೊಳಗೆ ಇಣುಕಿದ. "ಸಮುದ್ರ ನಾಲ್ಕು ಬೀದಿ ಆಚೆ ಇದೆ ಮಾರಾಯ. ಬಕೆಟ್ ಕೊಡು, ನಾನೇ ತಂದ್ಕೊಡ್ತೀನಿ."

"ಅದರಲ್ಲಿ ಹಡಗಿನ ಡೀಸೆಲ್ ಇದೆ."

"ಅದರಲ್ಲೇ ಮೀನು ಬದುಕಿದಾವಲ್ಲ."

"ಆ ಮೀನುಗಳಿಗೆ ಒಳ್ಳೇದು ಅಂದ್ರೆ ಏನು ಅಂತ ಗೊತ್ತಿಲ್ಲ ಕಂಪಾದ್ರೆ."

ಐವತ್ತು ವರ್ಷ ಆ ಮೀನುಗಳ ಜೊತೆ ಬಾಳಿದ ದೋನ್ ಮಾಸೆದೋನಿಯೊಗೆ ಈ ಮಾತು ಎದೆಗೆ ಚುಚ್ಚಿತು. ಆದರೆ ಬೇಸರ ತೋರಿಸಲಿಲ್ಲ. ಅಂದು ಅವನ ಕಲ್ಲು ಬರುವುದಿತ್ತು.

ಕಲ್ಲು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಮೂರು ಪೆಟ್ಟಿಗೆಯಲ್ಲಿ ಬಂತು. ನಮ್ಮ ಊರಿನೆದುರಿನ ಹವಳದ ಬಂಡೆಸಾಲಿನಿಂದ ಒಂದು ಚೂರು ಎತ್ತಿದರೂ ಜೈಲು. ಹಾಗಾಗಿ ಇದು ಎಲ್ಲೋ ದೂರದಲ್ಲಿ ಸಮುದ್ರದೊಳಗೆ ವರ್ಷಗಟ್ಟಲೆ ಇಟ್ಟು ಬೆಳೆಸಿದ, ಕಾಗದಪತ್ರ ಸರಿಯಿರುವ ಕಲ್ಲು. ತಂದವಳು ಅಂಗಡಿಯ ಒಡತಿ ಓತಿಲಿಯಾ, ಬಯಾಲಜಿ ಓದಿದವಳು. ಎಲ್ಲರೂ ಅವಳನ್ನು ಬಯಾಲಜಿ ಮೇಡಂ ಎಂದೇ ಕರೆಯುತ್ತಾರೆ. ಮಾತು ಕಡಿಮೆ, ಇರುವ ಮಾತೂ ಖಾರ.

ಪೆಟ್ಟಿಗೆ ಬಿಚ್ಚಿದೊಡನೆ ಹನ್ನೊಂದು ಮೂಗುಗಳು ಮುಂದೆ ಬಂದು, ಹನ್ನೊಂದೂ ಹಿಂದೆ ಸರಿದವು.

"ಇದಾ ಜೀವಂತ ಕಲ್ಲು?" ಅಂದ ಮೆಕ್ಯಾನಿಕ್. "ಸತ್ತು ವಾರ ಆಗಿರೋ ಹಾಗಿದೆ."

"ಜೀವ ಒಳಗಿದೆ," ಅಂದಳು ಬಯಾಲಜಿ ಮೇಡಂ. "ಕಣ್ಣಿಗೆ ಕಾಣದಷ್ಟು ಸಣ್ಣದು."

ದೋನ್ ಮಾಸೆದೋನಿಯೊ ತನ್ನ ಕಲ್ಲಿನ ಮುಂದೆ ಮಂಡಿಯೂರಿ, ಕಿವಿಯಿಟ್ಟು ಕೇಳಿ, "ಉಸಿರಾಡ್ತಿದೆ," ಎಂದು ಘೋಷಿಸಿದ.

ಕಲ್ಲು ನೀರಿಗಿಳಿಯಿತು. ಪಂಪ್ ತಿರುಗಿತು. ದೀಪ ಹತ್ತಿತು. ನನ್ನ ಥರ್ಮಾಮೀಟರ್ ಇಪ್ಪತ್ತಾರು ತೋರಿಸಿತು. ಕಾಸಿಮಿರೊ ಕೈ ಒರೆಸಿಕೊಂಡು, "ಮೇಡಂ, ಮೀನು ಎಲ್ಲಿ?" ಅಂದ.

"ಯಾವ ಮೀನು? ಒಂಬತ್ತನೇ ಪುಟ ಓದಲಿಲ್ವಾ?"

"ಓದ್ದೆ. ನೀವೇ ಒಮ್ಮೆ ಹೇಳಿ, ಇವರಿಗೂ ಗೊತ್ತಾಗ್ಲಿ."

ಆದರೆ 'ಇವರು' ಆಗಲೇ ಅಡುಗೆಮನೆಯಲ್ಲಿ ಕಾಫಿಗೆ ಮುತ್ತಿದ್ದರು. ಆದ್ದರಿಂದ ಒಂಬತ್ತನೇ ಪುಟ ಕೇಳಿಸಿಕೊಂಡವರು ಕಾಸಿಮಿರೊ, ನೆರೇಯ್ದಾ ಮತ್ತು ನಾನು ಮಾತ್ರ.

"ಒಂದು ಹಸಿ ಸಿಗಡಿ ತಂದು ಒಳಗೆ ಹಾಕಿ. ಅದು ಕೊಳೀಬೇಕು. ಕೊಳೆತ್ರೆ ಅಮೋನಿಯಾ ಬರುತ್ತೆ. ಕಲ್ಲಿನಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ತಿಂದು ನೈಟ್ರೈಟ್ ಮಾಡ್ತವೆ. ಅದೂ ವಿಷವೇ. ಆಮೇಲೆ ಇನ್ನೊಂದು ಜಾತಿಯವು ಬಂದು ಅದನ್ನ ತಿನ್ನುತ್ತವೆ. ಎರಡೂ ವಿಷ ಸೊನ್ನೆಗಿಳಿದ ಮೇಲೆ ನೀರು ಹದಕ್ಕೆ ಬಂತು ಅಂತ ಅರ್ಥ. ಅಲ್ಲೀವರೆಗೆ ಮೀನು ಬಿಟ್ರೆ ಗಂಟೆಯೊಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತೆ."

"ಎಷ್ಟು ದಿನ?"

"ಆರು ವಾರ."

"ಹದಿನೈದು ದಿನಕ್ಕೆ ಆಗಲ್ವಾ?"

"ಸೂಕ್ಷ್ಮಜೀವಿಗಳಿಗೆ ನಿಮ್ಮ ಆಮಂತ್ರಣ ಪತ್ರಿಕೆ ಓದೋಕೆ ಬರಲ್ಲ."

"ಆದ್ರೆ ಹಾರ್ಪ್‌ನವರು ಆ ಭಾನುವಾರ ಬಿಟ್ರೆ ಡಿಸೆಂಬರ್‌ವರೆಗೂ ಬಿಡುವಿಲ್ಲ ಮೇಡಂ!"

ಬಯಾಲಜಿ ಮೇಡಂ ಅವನನ್ನು ಕಲ್ಲನ್ನು ನೋಡುವ ಹಾಗೆ ನೋಡಿ ಹೊರಟುಹೋದಳು. ನೆರೇಯ್ದಾ ಹಿತ್ತಲಿಗೆ ಹೋಗಿ ಕಪಾಟಿನ ಧೂಳು ಒರೆಸಿ ಬಂದಳು.

ಕಾಸಿಮಿರೊ ಮಾರುಕಟ್ಟೆಯಿಂದ ಕಾಲು ಕಿಲೋ ಸಿಗಡಿ ತಂದ. ಒಂದನ್ನು ತೊಟ್ಟಿಗೆ ಹಾಕಿದ. ಉಳಿದವನ್ನು ನೆರೇಯ್ದಾ ಬೆಳ್ಳುಳ್ಳಿ ಹಾಕಿ ಹುರಿದಳು. ತೊಟ್ಟಿಯ ಸಿಗಡಿ ಮರಳಿನ ಮೇಲೆ ಪಕ್ಕಕ್ಕೆ ಒರಗಿಕೊಂಡು ದೊಡ್ಡಮನುಷ್ಯರ ಹಾಗೆ ಮಲಗಿತು.

ಅಷ್ಟರಲ್ಲಿ ದೋನ್ಯಾ ತಿಬುರ್ಸಿಯಾ ತನ್ನ ಉಪ್ಪು ಹೇಗಿದೆ ನೋಡಲು ಬಂದಳು. ಗಾಜಿಗೆ ಮೂಗು ಒತ್ತಿ, "ಓಹೋ, ಒಬ್ಬ ಬಂದೇಬಿಟ್ಟಿದ್ದಾನಲ್ಲ! ಯಾಕೆ ಮಗಾ, ಅಲ್ಲಾಡ್ತಾನೇ ಇಲ್ಲ?" ಅಂದಳು.

ಇಲ್ಲಿ ಕಾಸಿಮಿರೊಗೆ ಎರಡು ದಾರಿ ಇತ್ತು. "ಅತ್ತೆ, ಅದು ಸತ್ತಿದೆ, ಕೊಳೆಯಲಿ ಎಂದು ಇಟ್ಟಿದ್ದೇನೆ," ಎಂದು ನಿಜ ಹೇಳಬಹುದಿತ್ತು. ಹೆಣ್ಣು ಕೊಟ್ಟ ಅತ್ತೆಗೆ ಯಾವ ಗಂಡಸು ಹೀಗೆ ಹೇಳಿಯಾನು?

"ಮಲಗಿದೆ," ಅಂದ. "ಪ್ರಯಾಣದ ಸುಸ್ತು. ಹೊರದೇಶದ ಜಾತಿ. ಬಂದ ಮೇಲೆ ಎರಡು ವಾರ ನಿದ್ದೆ ಮಾಡುತ್ತೆ."

"ಅಯ್ಯೋ ಪಾಪ!" ಎಂದು ದೋನ್ಯಾ ತಿಬುರ್ಸಿಯಾ ದನಿ ತಗ್ಗಿಸಿದಳು. ಚಪ್ಪಲಿ ಕೈಗೆ ತೆಗೆದುಕೊಂಡು ತುದಿಗಾಲಲ್ಲಿ ಹೊರಗೆ ಹೋದಳು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಾರನೇ ದಿನದಿಂದ ಧರ್ಮತಂದೆಯರು ಸರದಿಯ ಮೇಲೆ ಬಂದು, ಕೂಸು ಮಲಗಿದ ತೊಟ್ಟಿಲ ಮುಂದೆ ನಿಂತ ಹಾಗೆ ನಿಂತು, ಪಿಸುಗುಟ್ಟಿ ಮಾತಾಡಿ ಹೋದರು. ಗ್ಯಾಸ್ ಸಿಲಿಂಡರಿನ ಲಾರಿಯವನು ನಮ್ಮ ತಿರುವಿನಲ್ಲಿ ಧ್ವನಿವರ್ಧಕ ಬಂದ್ ಮಾಡಿದ. ಜೋಳದ ಕಡುಬಿನಂಥ ತಮಾಲೆ ಮಾರುವ ಹೆಂಗಸು ಕೂಗುವುದು ಬಿಟ್ಟು ಬಾಗಿಲು ಬಾಗಿಲಿಗೂ ಹೋಗಿ ಕಿವಿಯಲ್ಲಿ "ತಮಾಲೆ" ಎಂದಳು. ಇದರಿಂದ ಅವಳ ವ್ಯಾಪಾರ ಹೆಚ್ಚಿತು, ಏಕೆಂದರೆ ಕಿವಿಯಲ್ಲಿ ಹೇಳಿದ್ದಕ್ಕೆ ಬೇಡ ಎನ್ನುವುದು ಕಷ್ಟ.

ಕಾಸಿಮಿರೊನನ್ನು ಇಕ್ಕಟ್ಟಿಗೆ ಸಿಲುಕಿಸಿದ್ದು ದೋನ್ ಮಾಸೆದೋನಿಯೊ. ಅವನು ಜೀವಮಾನದಲ್ಲಿ ಲಕ್ಷಗಟ್ಟಲೆ ಸಿಗಡಿಯ ಮುಖ ನೋಡಿದವನು. ಅಂದು ಅವನು ಹುಡುಕಿದ್ದು ಮುಖವನ್ನೇ.

"ಕಂಪಾದ್ರೆ, ಇದಕ್ಕೆ ತಲೆ ಇಲ್ಲ."

"ಈ ಜಾತಿಗೆ ತಲೆ ಹೊರಗೆ ಇರಲ್ಲ."

"ಮತ್ತೆ?"

"ನಿದ್ದೆ ಮಾಡುವಾಗ ಒಳಗೆ ಎಳ್ಕೊಳ್ಳುತ್ತೆ. ಆಮೆ ಥರ."

ಮುದುಕ ಗಾಜಿನಿಂದ ಹಿಂದೆ ಸರಿದ. "ಐವತ್ತು ವರ್ಷ ಸಮುದ್ರದ ಮೇಲಿದ್ದೆ, ಏನೂ ಕಲೀಲಿಲ್ಲ," ಎಂದು ತನ್ನ ಮೇಲೆಯೇ ಬೇಸರ ಮಾಡಿಕೊಂಡು ಮನೆಗೆ ಹೋದ.

ನಾಲ್ಕನೇ ದಿನಕ್ಕೆ ಸಿಗಡಿಯ ಮೈಮೇಲೆ ಬಿಳಿ ಬೂಷ್ಟು ಬೆಳೆಯಿತು. ದೋನ್ಯಾ ತಿಬುರ್ಸಿಯಾ ನೋಡಿ, "ಚಳಿಗೆ ರೋಮ ಬಿಟ್ಟಿದ್ದಾನೆ ಕಣೋ, ಆ ಫ್ಯಾನ್ ಆರಿಸು," ಅಂದಳು. ಜುಲೈ ತಿಂಗಳ ವೆರಾಕ್ರೂಸಿನಲ್ಲಿ ಫ್ಯಾನ್ ಆರಿತು. ಮೇಲೆ ನಾನೂ ಬೆಂದೆ. ಐದನೇ ದಿನ ಸಿಗಡಿ ಆಕಾರ ಉಳಿಯದಷ್ಟು ಲೊಳಲೊಳ ಆಯಿತು. ಕಾಸಿಮಿರೊ ಗಾಬರಿಯಾಗಿ ಅದನ್ನು ತೆಗೆದು ಮಾರುಕಟ್ಟೆಯಿಂದ ಇನ್ನೊಂದು ತಂದು ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ಮಲಗಿಸಿದ. ಅವಸರದಲ್ಲಿ ತಂದದ್ದು ಮೊದಲನೆಯದಕ್ಕಿಂತ ಎರಡು ಬೆರಳು ದೊಡ್ಡದು.

"ಬೆಳೆದಿದೆ!" ಅಂದ ಔಷಧಿ ಅಂಗಡಿಯವ. "ಏನೂ ತಿನ್ನದೆ!"

"ನಿದ್ದೆ ಅಂದ್ರೆ ಹಾಗೆ," ಎಂದಳು ದೋನ್ಯಾ ತಿಬುರ್ಸಿಯಾ. "ನಿಮ್ಮ ಮಕ್ಕಳೂ ಬೇಗ ಮಲಗಿದ್ರೆ ಉದ್ದ ಆಗ್ತಿದ್ರು."

ಆ ವಾರ ನಮ್ಮ ಬೀದಿಯ ಮಕ್ಕಳೆಲ್ಲ ಏಳು ಗಂಟೆಗೇ ಹಾಸಿಗೆ ಸೇರಬೇಕಾಯಿತು.

ಅಡುಗೆಮನೆಯಲ್ಲಿ ನೆರೇಯ್ದಾ ಬಾಣಲೆ ತಿರುಗಿಸುತ್ತ ಕೇಳಿದಳು. "ಇವತ್ತು ನಾವು ತಿಂತಿರೋದು ಅವನಿಗೆ ಏನಾಗಬೇಕು? ಅಣ್ಣನಾ, ತಮ್ಮನಾ?"

"ಮೆಲ್ಲಗೆ ಮಾತಾಡು."

"ನನ್ನ ಷರತ್ತು ನೆನಪಿದೆಯಾ? ಜೀವ ಇರೋದು ಅಂದಿದ್ದೆ."

"ಇನ್ನೂ ಎಂಟು ದಿನ ಇದೆ."

"ಎಂಟು ದಿನದಲ್ಲಿ ಅದು ಎದ್ದು ಕೂರುತ್ತಾ?"

ಕಾಸಿಮಿರೊ ಸಿಗಡಿಯ ಅಣ್ಣನನ್ನೋ ತಮ್ಮನನ್ನೋ ಬಾಯಿಗೆ ಹಾಕಿಕೊಂಡ.

ಒಂಬತ್ತನೇ ದಿನ ಮೂರನೇ ಸಿಗಡಿ. ಅಷ್ಟು ಹೊತ್ತಿಗೆ ಅಮೋನಿಯಾ ಅಳೆಯುವ ಬಾಟಲಿಯ ನೀರು ತೋರಿಸಬೇಕಾದ ಹಸಿರನ್ನೂ ದಾಟಿ, ಚಾರ್ಟಿನಲ್ಲೇ ಇಲ್ಲದ ಬಣ್ಣಕ್ಕೆ ಹೋಗಿತ್ತು. ಕಲ್ಲಿನ ಮೇಲೆ ಕಂದು ಪಾಚಿ. ವಾಸನೆ ನಾಲ್ಕು ಮನೆ ದಾಟಿತ್ತು. ಧರ್ಮತಂದೆಯರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಪ್ರೀತಿ ತೋರಿಸಿದರು. ಆದರೆ ಧರ್ಮತಂದೆಯಲ್ಲದ ಯಾರೋ ಒಬ್ಬ ನಗರಸಭೆಗೆ ಫೋನ್ ಮಾಡಿ ಗ್ಯಾಸ್ ಸೋರುತ್ತಿದೆ ಎಂದುಬಿಟ್ಟ.

ಇನ್ಸ್‌ಪೆಕ್ಟರ್ ಬಾಲ್ದೆಮಾರ್ ಬಂದ. ಎದೆಯ ಮೇಲೆ ಗುರುತಿನ ಚೀಟಿ, ಕೈಯಲ್ಲಿ ಗ್ಯಾಸ್ ಹಿಡಿಯುವ ಯಂತ್ರ. ಹಾಲ್‌ಗೆ ಕಾಲಿಟ್ಟೊಡನೆ ಯಂತ್ರ 'ಪಿಪ್ ಪಿಪ್ ಪಿಪ್' ಎಂದು ಕಿರುಚತೊಡಗಿತು.

"ಶ್!" ಎಂದರು ಐದು ಜನ ಒಟ್ಟಿಗೆ.

"ನಾನು ಸರ್ಕಾರಿ ಕೆಲಸದ ಮೇಲೆ ಬಂದಿದ್ದೀನಿ!"

"ಇರಬಹುದು ಮಗಾ," ಅಂದಳು ದೋನ್ಯಾ ತಿಬುರ್ಸಿಯಾ, "ಆದ್ರೆ ಆ ಪೆಟ್ಟಿಗೆ ಬಾಯಿ ಮುಚ್ಚಿಸು. ಒಳಗೆ ಮಲಗಿದ್ದಾನೆ."

ಇನ್ಸ್‌ಪೆಕ್ಟರ್ ಯಂತ್ರವನ್ನು ಅಂಗಿಯೊಳಗೆ ತುರುಕಿಕೊಂಡ. ಅದು ಅಲ್ಲಿಂದಲೇ ಹೃದಯದ ಹಾಗೆ ಬಡಿದುಕೊಳ್ಳುತ್ತಿತ್ತು. "ಯಾರು ಮಲಗಿರೋದು?" ಎಂದು ಪಿಸುಗುಟ್ಟಿದ.

ತೋರಿಸಿದರು. ಬಗ್ಗಿ ನೋಡಿದ. ನೆಟ್ಟಗಾದ. ಮತ್ತೆ ಬಗ್ಗಿ ನೋಡಿದ. ಸುತ್ತಲೂ ನಿಂತ ಗಂಭೀರ ಮುಖಗಳನ್ನು ನೋಡಿದ. ಇವರೆಲ್ಲರಿಗೂ ತಿಳಿದಿರುವುದು ತನಗೊಬ್ಬನಿಗೆ ತಿಳಿದಿಲ್ಲ ಎಂದು ಒಪ್ಪಿಕೊಳ್ಳಲು ಅವನ ಹುದ್ದೆ ಬಿಡಲಿಲ್ಲ.

"ಹೌದು ಹೌದು, ಇದೇ ಜಾತಿ," ಅಂದ. "ನಮ್ಮ ತರಬೇತಿಯಲ್ಲಿ ಹೇಳಿದ್ರು."

ನಮೂನೆ ತುಂಬಿದ. ವಾಸನೆಯ ಮೂಲ: ಪ್ರಾಣಿ. ಪ್ರಾಣಿಯ ಸ್ಥಿತಿ: ನಿದ್ರೆ. ಅಪಾಯ: ಎಬ್ಬಿಸಿದಲ್ಲಿ. ಕೆಳಗೆ ಸಹಿ ಹಾಕಿ, ಹೊರಡುವಾಗ ಕಾಸಿಮಿರೊನನ್ನು ಪಕ್ಕಕ್ಕೆ ಕರೆದ.

"ಧರ್ಮತಂದೆಯರ ಪಟ್ಟಿ ಭರ್ತಿ ಆಯ್ತಾ?"

"ಮುಚ್ಚಳಕ್ಕೆ ಯಾರೂ ಇಲ್ಲ ಸಾಹೇಬ್ರೆ."

"ಇನ್ನು ಸಾಹೇಬ್ರೆ ಅನ್ನಬೇಡಿ, ಕಂಪಾದ್ರೆ ಅನ್ನಿ," ಎಂದು ಇನ್ಸ್‌ಪೆಕ್ಟರ್ ಅವನನ್ನು ಅಪ್ಪಿಕೊಂಡ. ಮಾರನೇ ದಿನ ಮುಚ್ಚಳ ಬಂತು. ವಾಸನೆಯೂ ಸ್ವಲ್ಪ ಕಡಿಮೆಯಾಯಿತು. ಸರ್ಕಾರದಿಂದ ನಮ್ಮ ಬೀದಿಗೆ ಆ ವರ್ಷ ಆದ ಉಪಕಾರ ಅದೊಂದೇ.

ಭಾನುವಾರ ಬಂದೇಬಿಟ್ಟಿತು. ನಾಲ್ಕನೇ ಸಿಗಡಿಯನ್ನು ಕಾಸಿಮಿರೊ ಶುಕ್ರವಾರವೇ ಮಲಗಿಸಿದ್ದ. ಮಾರುಕಟ್ಟೆಯಲ್ಲೇ ಅತಿ ದೊಡ್ಡದು, ಅಂಗೈಯುದ್ದ. ನೆರೇಯ್ದಾ ಹಿತ್ತಲಲ್ಲಿ ದೊಡ್ಡ ಪಾತ್ರೆಯಲ್ಲಿ ಏಡಿ, ಸಿಗಡಿ, ಕಪ್ಪೆಚಿಪ್ಪು ಹಾಕಿದ ಅನ್ನ ಬೇಯಿಸಿದಳು. ಪಕ್ಕದಲ್ಲೇ ಕಪಾಟಿಗೆ ಹೊಸ ಬಟ್ಟೆ ಹಾಸಿ ಅಣಿಮಾಡಿದಳು. ಗಂಡನ ಸಮುದ್ರಕ್ಕೆ ಇನ್ನು ಒಂದು ರಾತ್ರಿಯ ಆಯಸ್ಸು ಎಂಬುದು ಅವಳ ಮುಖದಲ್ಲಿ ಬರೆದಿತ್ತು.

ಹನ್ನೆರಡು ಧರ್ಮತಂದೆಯರು ಸಂಸಾರ ಸಮೇತ ಬಂದರು. ಬಯಾಲಜಿ ಮೇಡಂ ಬಂದು ಅಮೋನಿಯಾ ಬಾಟಲಿ ನೋಡಿ ಹಣೆ ಒತ್ತಿಕೊಂಡು, "ಒಂದು ಸಿಗಡಿ ಅಂದಿದ್ದೆ," ಎಂದಷ್ಟೇ ಹೇಳಿ ತಟ್ಟೆ ಹಿಡಿದು ಕೂತಳು. ಹಾರ್ಪ್‌ನವರಿಗೆ ಮೆಲ್ಲಗೆ ನುಡಿಸಲು ಹೇಳಿದ್ದರಿಂದ ಅವರು ತಂತಿಯ ಮೇಲೆ ಟವೆಲ್ ಹೊದಿಸಿ, ಎಲ್ಲೋ ಇಲಿ ಓಡಾಡಿದಂಥ ಸದ್ದು ಮಾಡಿದರು. ಫಾದರ್ ಲಾದಿಸ್ಲಾವೊ ಆಶೀರ್ವದಿಸಲು ಪವಿತ್ರ ಜಲದ ಪಾತ್ರೆ ಎತ್ತಿದಾಗ ಕಾಸಿಮಿರೊ ಹಾರಿ ಅಡ್ಡ ಬಂದ.

"ಫಾದರ್, ಅದು ಸಿಹಿನೀರಾ?"

"ಒಂದು ಚಿಟಿಕೆ ಉಪ್ಪು ಹಾಕಿ ಮಂತ್ರಿಸಿರ್ತೀವಿ."

"ಲೀಟರಿಗೆ ಎಷ್ಟು ಗ್ರಾಂ?"

ಮೂವತ್ತು ವರ್ಷದ ಸೇವೆಯಲ್ಲಿ ಫಾದರ್‌ಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವರು ಸುಮ್ಮನೆ ಮುಚ್ಚಳಕ್ಕೆ ನಾಲ್ಕು ಹನಿ ಚಿಮುಕಿಸಿದರು. ಮುಚ್ಚಳದ ಧರ್ಮತಂದೆ ಕಣ್ಣೊರೆಸಿಕೊಂಡ.

ಊಟವಾಯಿತು. ಎಲ್ಲರೂ ಹಾಲ್‌ನಲ್ಲಿ ಒತ್ತೊತ್ತಾಗಿ ನಿಂತರು. "ಎರಡು ವಾರ ಆಯ್ತು ಕಂಪಾದ್ರೆ," ಅಂದ ದೋನ್ ಮಾಸೆದೋನಿಯೊ. "ಎಬ್ಬಿಸು."

ಕಾಸಿಮಿರೊ ತೊಟ್ಟಿಗೆ ಬೆನ್ನು ಮಾಡಿ ನಿಂತು, ಸುಂಕದ ಕಚೇರಿಯಲ್ಲಿ ಮೂರು ದಿನ ಕೂತು ಬರೆದ ಭಾಷಣ ಜೇಬಿನಿಂದ ತೆಗೆದ. ಬೆವರಿಗೆ ಕಾಗದ ಒದ್ದೆಯಾಗಿತ್ತು.

"ಮಾನ್ಯ ಕಂಪಾದ್ರೆಗಳೇ, ಈ ಜಾತಿ ಬಹಳ ಸೂಕ್ಷ್ಮ. ಕೆಲವು ಎರಡು ವಾರ ಮಲಗುತ್ತವೆ. ಕೆಲವು ಎರಡು ತಿಂಗಳು. ಕೆಲವು, ಹೇಳೋಕೆ ದುಃಖ ಆಗುತ್ತೆ, ಏಳೋದೇ ಇಲ್ಲ. ಇವತ್ತು ಇದು ಅಲುಗಾಡಬೇಕು ಅಂತ ನಾವು ಆಸೆಪಟ್ರೆ ಅದು ನಮ್ಮ ಸ್ವಾರ್ಥ..."

ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ಸೊಂಟದ ಪಕ್ಕದಿಂದ ತೊಟ್ಟಿಯ ಮೇಲಿತ್ತು. ದೋನ್ಯಾ ತಿಬುರ್ಸಿಯಾಳ ಬಾಯಿ ತೆರೆದುಕೊಂಡಿತು. ಹಾರ್ಪ್ ನಿಂತಿತು.

"...ಆದ್ದರಿಂದ ಅದು ಅಲುಗಾಡದೆ ಇದ್ರೂ..."

"ಅಲುಗಾಡ್ತು!" ಎಂದು ಇನ್ಸ್‌ಪೆಕ್ಟರ್ ಕಿರುಚಿದ.

ಕಾಸಿಮಿರೊ ತಿರುಗಿದ. ತಲೆಯಿಲ್ಲದ ಸಿಗಡಿ ಮರಳಿನ ಮೇಲೆ ಒಂದು ಬೆರಳಷ್ಟು ಹಿಂದಕ್ಕೆ ಸರಿಯಿತು. ನಿಂತಿತು. ಸುಧಾರಿಸಿಕೊಂಡ ಹಾಗೆ ಮಾಡಿತು. ಮತ್ತೆ ಎರಡು ಬೆರಳು ಸರಿಯಿತು. ಆಮೇಲೆ ಬಾಲ ಎತ್ತಿಕೊಂಡು, ಯಾವುದೋ ಕೆಲಸ ನೆನಪಾದವರ ಹಾಗೆ ಕಲ್ಲಿನ ಕಡೆಗೆ ಹಿಮ್ಮುಖವಾಗಿ ನಡೆಯತೊಡಗಿತು.

ಇಡೀ ಮನೆ ಚಪ್ಪಾಳೆಯಿಂದ ಅದುರಿತು. ಮೆಕ್ಯಾನಿಕ್ ಔಷಧಿ ಅಂಗಡಿಯವನನ್ನು ಎತ್ತಿ ಕುಣಿಸಿದ. ಹಾರ್ಪ್‌ನವರು ಟವೆಲ್ ಕಿತ್ತೆಸೆದರು. ಆ ಹಾಲ್‌ನಲ್ಲಿ ಸಂತೋಷಪಡದವನು ಒಬ್ಬನೇ. ಸಿಗಡಿಯ ತಲೆ ಶುಕ್ರವಾರ ಮಾರುಕಟ್ಟೆಯ ಕಸದ ಡಬ್ಬಿಯಲ್ಲಿ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಾಸಿಮಿರೊ ಬಿಳಿಚಿಕೊಂಡು ಹಾರ್ಪ್ ನುಡಿಸುವವನ ಮಡಿಲಲ್ಲಿ ಕುಸಿದುಬಿದ್ದ.

"ಅದು ಸತ್ತಿದೆ!" ಎಂದು ಕೂಗಿದ. "ನಾನೇ ತಂದಿದ್ದು! ಕಾಲು ಕಿಲೋ! ಉಳಿದಿದ್ದನ್ನ ತಿಂದೆವು!"

"ಸಂತೋಷಕ್ಕೆ ತಲೆ ಕೆಟ್ಟಿದೆ," ಅಂದಳು ದೋನ್ಯಾ ತಿಬುರ್ಸಿಯಾ, ಅವನ ಹಣೆಗೆ ನೀರು ತಟ್ಟುತ್ತ. "ನನ್ನ ಗಂಡನಿಗೂ ಮೊದಲ ಮಗು ಹುಟ್ಟಿದಾಗ ಹೀಗೇ ಆಗಿತ್ತು."

"ಸತ್ತದ್ದು ನಾಲ್ಕು! ಇದು ನಾಲ್ಕನೇದು! ಫಾದರ್, ನೀವಾದ್ರೂ ನಂಬಿ!"

ಫಾದರ್ ಲಾದಿಸ್ಲಾವೊ ಬಾಗಿಲ ಹತ್ತಿರ ಸರಿಯುತ್ತಿದ್ದರು. "ಸತ್ತು ನಡೆಯುವ ವಿಷಯದಲ್ಲಿ ಮೇಲಿನವರನ್ನ ಕೇಳದೆ ನಾನು ಏನೂ ಹೇಳೋ ಹಾಗಿಲ್ಲ."

ಬಯಾಲಜಿ ಮೇಡಂ ತಟ್ಟೆ ಕೆಳಗಿಟ್ಟಳು. ಮೊಬೈಲಿನ ಬೆಳಕು ಹಾಕಿ ಕಲ್ಲಿನ ಬುಡಕ್ಕೆ ಹಿಡಿದಳು. ಸಿಗಡಿ ಈಗ ಅರ್ಧ ಬಿಲದೊಳಗಿತ್ತು. ಅದರ ಬಾಲವನ್ನು ಕಚ್ಚಿಕೊಂಡು ಏನೋ ಎಳೆಯುತ್ತಿತ್ತು. ಬೆಳಕಿಗೆ ಅದು ಒಂದು ಕ್ಷಣ ಹೊರಗೆ ಚಾಚಿತು. ಹೆಬ್ಬೆರಳು ದಪ್ಪದ ಹುಳು, ಐದು ಕೊಂಬಿನ ತಲೆ, ಇಬ್ಬದಿಗೆ ನೂರಾರು ಕಾಲು, ಮೈಯೆಲ್ಲ ನವಿಲುಗರಿಯ ಮಿಂಚು. ಹೊರಗೆ ಬಂದದ್ದೇ ಒಂದು ಮೊಳ. ಒಳಗೆ ಇನ್ನೆಷ್ಟಿತ್ತೋ.

"ಸಮುದ್ರದ ಹುಳು. ಕಲ್ಲಿನ ಜೊತೆ ಬಂದಿದೆ," ಅಂದಳು ಅವಳು. "ಸಿಗಡಿ ಸತ್ತೇ ಇದೆ. ಇದು ಊಟಕ್ಕೆ ಎಳ್ಕೊಂಡು ಹೋಗ್ತಿದೆ."

ಚ‌ಪ್ಪಾಳೆ ಒಂದೊಂದಾಗಿ ನಿಂತಿತು. ಹನ್ನೆರಡು ಧರ್ಮತಂದೆಯರೂ ಹಾರ್ಪ್‌ನವನ ಮಡಿಲಿನ ಕಡೆ ತಿರುಗಿದರು.

"ಅಂದ್ರೆ," ಅಂದ ದೋನ್ ಮಾಸೆದೋನಿಯೊ, "ಎರಡು ವಾರ ನಾನು ನನ್ನ ಮನೇಲಿ ಕೆಮ್ಮದೆ ಕೂತಿದ್ದು ಒಂದು ಸತ್ತ ಸಿಗಡಿಗಾ?"

"ನಾನು ಸರ್ಕಾರಿ ನಮೂನೆಗೆ ಸಹಿ ಹಾಕಿದ್ದೀನಿ!" ಅಂದ ಇನ್ಸ್‌ಪೆಕ್ಟರ್.

ಇಡೀ ಬೀದಿ ಎದುರು ನಿಂತಿತ್ತು. ಕಾಸಿಮಿರೊನ ಮಾನ ಹೋಗುವುದಕ್ಕೆ ಇನ್ನು ಒಂದೇ ಮಾತು ಬೇಕಿತ್ತು. ಹಿತ್ತಲ ಬಾಗಿಲಿನಿಂದ ನೆರೇಯ್ದಾ ಸೌಟು ಹಿಡಿದುಕೊಂಡೇ ಬಂದಳು. ಎಲ್ಲರೂ ದಾರಿ ಬಿಟ್ಟರು. ಅವಳು ನೇರ ಬಯಾಲಜಿ ಮೇಡಂ ಮುಂದೆ ನಿಂತಳು.

"ಆ ಹುಳಕ್ಕೆ ಜೀವ ಇದೆಯಾ?"

"ಬೇಕಾದಷ್ಟು."

"ಎಲ್ರಿಗೂ ಕಾಣಿಸ್ತಾ?"

ಕಾಣಿಸಿತು ಎಂದು ಎಲ್ಲರೂ ಗೊಣಗಿದರು.

"ಮತ್ತೆ ಇನ್ನೇನು ಬೇಕು?" ಎಂದು ನೆರೇಯ್ದಾ ಬೀದಿಯ ಕಡೆಗೆ ತಿರುಗಿದಳು. ಗಂಡನನ್ನು ಬೈಯುವುದು ಅವಳ ಹಕ್ಕು. ಅದನ್ನು ಬೇರೆಯವರಿಗೆ ಬಿಟ್ಟುಕೊಡುವ ಹೆಂಗಸು ಅವಳಲ್ಲ. "ಸಿಗಡಿ ಆ ಹುಳದ ಊಟ. ಮಗು ಕಲ್ಲೊಳಗೆ ಇತ್ತು. ಮಗುಗೆ ಊಟ ಇಡೋದು ತಪ್ಪಾ? ಯಾವ ಕಲ್ಲೊಳಗೆ ಇತ್ತು, ನೋಡಿದ್ರಾ ದೋನ್ ಮಾಸೆದೋನಿಯೊ? ನಿಮ್ಮ ಕಲ್ಲೊಳಗೆ!"

ದೋನ್ ಮಾಸೆದೋನಿಯೊ ತಿರುಗಿ ನೋಡಿದ. ಕಲ್ಲು ಅವನದೇ. ಮುದುಕನ ಮುಖ ಮೆಲ್ಲಗೆ ಬದಲಾಯಿತು.

"ಅಂದೇ ಹೇಳಿದ್ದೆ ಉಸಿರಾಡ್ತಿದೆ ಅಂತ," ಅಂದ. "ಯಾರು ನಂಬಿದ್ರಿ?"

"ನನ್ನ ಉಪ್ಪಿನಲ್ಲೇ ಬೆಳೆದಿದ್ದು," ಅಂದಳು ದೋನ್ಯಾ ತಿಬುರ್ಸಿಯಾ.

"ಮುಚ್ಚಳ ಇಲ್ದಿದ್ರೆ ಹೊರಗೆ ಬಿದ್ದು ಸಾಯ್ತಿತ್ತು," ಎಂದು ಇನ್ಸ್‌ಪೆಕ್ಟರ್ ನಮೂನೆ ತೆಗೆದು 'ನಿದ್ರೆ' ಹೊಡೆದುಹಾಕಿ 'ಊಟ' ಎಂದು ಬರೆದ.

"ಒಂದು ನಿಮಿಷ," ಅಂದಳು ಬಯಾಲಜಿ ಮೇಡಂ. "ಇದನ್ನ ಇವತ್ತೇ ಚಿಮಟದಲ್ಲಿ ಹಿಡಿದು ತೆಗೀಬೇಕು. ಮುಂದೆ ನೀವು ಬಿಡೋ ಮೀನು, ಹವಳ ಒಂದನ್ನೂ ಉಳಿಸಲ್ಲ. ಗಜಗಟ್ಟಲೆ ಬೆಳೆಯುತ್ತೆ."

"ಗಜಗಟ್ಟಲೆ!" ಅಂದ ದೋನ್ ಮಾಸೆದೋನಿಯೊ ಹೆಮ್ಮೆಯಿಂದ.

"ಮೇಡಂ ಹೇಳೋದು ಸರಿ," ಎಂದು ಕಾಸಿಮಿರೊ ಮಡಿಲಿನಿಂದ ಏಳಲು ನೋಡಿದ. "ನನಗೆ ಬೇಕಾಗಿದ್ದು ಆ ಕಿತ್ತಳೆ ಬಣ್ಣದ..."

ಅವನ ಮಾತು ಅಲ್ಲೇ ಮುಳುಗಿತು. ಹನ್ನೆರಡು ಧರ್ಮತಂದೆಯರಿರುವ ಮಗುವನ್ನು ಚಿಮಟದಲ್ಲಿ ಹಿಡಿದು ಎಳೆಯುವ ಧೈರ್ಯ ಆ ಬೀದಿಯಲ್ಲಿ ಯಾರಿಗಿದೆ? ದೋನ್ಯಾ ತಿಬುರ್ಸಿಯಾ ತೊಟ್ಟಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಳು. ಹಾರ್ಪ್ ಮತ್ತೆ ಶುರುವಾಯಿತು, ಈ ಸಲ ಬಂದರಿನ ತನಕ ಕೇಳಿಸುವಷ್ಟು ಜೋರಾಗಿ.

ಸೋಮವಾರ ಬೆಳಿಗ್ಗೆ ಅಕ್ವೇರಿಯಂ ಅಲ್ಲೇ ಇತ್ತು. ಕಾಸಿಮಿರೊ ಗೆದ್ದಿದ್ದ. ಗೆದ್ದವನ ಮುಖ ಸೋತವನ ಹಾಗಿರುವುದನ್ನು ನಾನು ಮೊದಲ ಸಲ ನೋಡಿದೆ.

ಅಲ್ಲಿಂದ ಮುಂದೆ ಹೊಸ ಸಿಗಡಿ ಹಾಕಬಾರದೆಂದು ಮೇಡಂ ಕಟ್ಟಪ್ಪಣೆ ಮಾಡಿದಳು. ಹುಳು ಇದ್ದುದನ್ನು ತಿಂದು ತೇಗಿ ಕಲ್ಲೊಳಗೆ ಮಲಗಿತು. ಈ ಸಲ ನಿಜವಾಗಿ. ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿ ಅದೂ ಇಳಿಯಿತು. ಆರು ವಾರ ಎಂದದ್ದು ಒಂಬತ್ತು ವಾರವಾಯಿತು. ಕೊನೆಗೆ ಒಂದು ಸಂಜೆ ಬಯಾಲಜಿ ಮೇಡಂ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡೂ ಸೊನ್ನೆ. ನೀರು ಗಾಜಿಗಿಂತ ತಿಳಿ. ಧರ್ಮತಂದೆಯರು ಸುತ್ತಲೂ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇಷ್ಟು ಚೊಕ್ಕ ನೀರು ಈ ಊರಿನಲ್ಲಿ ಯಾರ ತೊಟ್ಟಿಯಲ್ಲೂ ನೋಡಿಲ್ಲ," ಅಂದಳು. "ಇನ್ನು ಮೀನು ಬಿಡಬಹುದು. ಆದ್ರೆ..."

ಕಾಸಿಮಿರೊ ಕಲ್ಲಿನ ಬಿಲ ನೋಡಿದ. ಬಿಲದಿಂದ ಐದು ಕೊಂಬು ಮೆಲ್ಲಗೆ ಹೊರಗೆ ಬಂದು ಅವನನ್ನು ನೋಡಿದವು.

ದೋನ್ ಮಾಸೆದೋನಿಯೊ ಕುರ್ಚಿ ಹತ್ತಿರ ಎಳೆದುಕೊಂಡು, ಚಿಂತೆಯಿಂದ ಅವನ ಭುಜ ಮುಟ್ಟಿದ.

"ಕಂಪಾದ್ರೆ, ಮೀನು ಎಷ್ಟು ಚಿಕ್ಕದು ತಂದ್ರೆ ಮಗುವಿನ ಗಂಟಲಿಗೆ ಸಿಕ್ಕಿಹಾಕ್ಕೊಳ್ಳೋದಿಲ್ಲ?"